ಆರು ಕರ್ಮಗಳಲ್ಲಿ ಇದು ಯಾವುದು?

ಧನಾರ್ಜನೆಯನ್ನು ಜೈನಧರ್ಮವು ಗೃಹಸ್ಥನಿಗೆ ನಿಷೇಧಿಸಿಲ್ಲ. ನಿಷೇಧಿಸಿರುವುದು ಅನ್ಯಾಯದ ಆರ್ಜನೆಯನ್ನು ಮತ್ತು ಮಿತಿಯಿಲ್ಲದ ಸಂಗ್ರಹವನ್ನು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಸದ್ಗೃಹಸ್ಥನ ಮೂವತ್ತೈದು ಗುಣಗಳನ್ನು ಎಣಿಸಿದ್ದಾರೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕಧರ್ಮಕ್ಕೆ ಯೋಗ್ಯನಾದವನ ಲಕ್ಷಣಗಳನ್ನು ಹೇಳಿದ್ದಾರೆ. ಒಬ್ಬರು ಶ್ವೇತಾಂಬರರು, ಮತ್ತೊಬ್ಬರು ದಿಗಂಬರ ಪರಂಪರೆಯವರು. ಆದರೆ ಇಬ್ಬರೂ ತಮ್ಮ ಪಟ್ಟಿಯ ಮೊದಲ ಸ್ಥಾನದಲ್ಲಿಟ್ಟದ್ದು ಒಂದೇ ಗುಣವನ್ನು: ನ್ಯಾಯದಿಂದ ಸಂಪಾದಿಸಿದ ಧನ. ಪೂಜೆ, ದಾನ, ಸತ್ಸಂಗಗಳೆಲ್ಲ ಅದರ ಅನಂತರ. ಬುನಾದಿ ಗಟ್ಟಿಯಿಲ್ಲದೆ ಗೋಪುರ ನಿಲ್ಲದೆಂಬುದು ಆ ಆಚಾರ್ಯರಿಗೆ ತಿಳಿದಿತ್ತು.

ನ್ಯಾಯದ ಸಂಪಾದನೆ ಯಾವುದೆಂಬುದಕ್ಕೂ ಪರಂಪರೆಯಲ್ಲಿ ಉತ್ತರವಿದೆ. ಕಲ್ಪವೃಕ್ಷಗಳು ಕ್ಷೀಣಿಸಿ ಜನರು ಹಸಿವಿನಿಂದ ಕಂಗೆಟ್ಟಾಗ ಆದಿತೀರ್ಥಂಕರ ಋಷಭದೇವನು ಪ್ರಜೆಗಳಿಗೆ ಜೀವನೋಪಾಯವಾಗಿ ಆರು ಕರ್ಮಗಳನ್ನು ಬೋಧಿಸಿದನೆಂದು ಆದಿಪುರಾಣದ ಕಥೆ ಹೇಳುತ್ತದೆ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಈ ಆರನ್ನು ಪಾಠಶಾಲೆಯ ಮಕ್ಕಳೂ ಬಾಯಿಪಾಠವಾಗಿ ಹೇಳಬಲ್ಲರು. ರಕ್ಷಿಸುವವನು, ಬರೆಯುವವನು, ಬೆಳೆಯುವವನು, ಕಲಿಸುವವನು, ಸರಕನ್ನು ಇದ್ದಲ್ಲಿಂದ ಇಲ್ಲದಲ್ಲಿಗೆ ಮುಟ್ಟಿಸುವವನು, ಕೈಯಿಂದ ವಸ್ತುವನ್ನು ನಿರ್ಮಿಸುವವನು: ಆರರಲ್ಲಿಯೂ ದುಡಿಯುವವನು ಲೋಕಕ್ಕೆ ಏನನ್ನಾದರೂ ಕೊಟ್ಟು ಅದರ ಪ್ರತಿಯಾಗಿ ತನ್ನ ಅನ್ನವನ್ನು ಪಡೆಯುತ್ತಾನೆ.

ಇಂದು ಸಮಾಜದ ಅನೇಕ ಮನೆಗಳಲ್ಲಿ ಏಳನೆಯದೊಂದು ಕರ್ಮ ಹುಟ್ಟಿಕೊಂಡಿದೆ. ಬೆಳಿಗ್ಗೆ ಒಂಬತ್ತೂಕಾಲು ಗಂಟೆಗೆ ಪೇಟೆ ತೆರೆಯುತ್ತದೆ, ಮೂರೂವರೆಗೆ ಮುಚ್ಚುತ್ತದೆ. ಅಷ್ಟು ಹೊತ್ತೂ ಮನೆಯ ಮಗನ ಕಣ್ಣು ಅಂಗೈಯಗಲದ ಗಾಜಿನ ಮೇಲೆ. ತಂದೆ ಅಂಗಡಿಯ ಗಲ್ಲೆಯ ಮುಂದೆ, ಮಗ ಗೋದಾಮಿನ ಮೂಲೆಯಲ್ಲಿ ಮೊಬೈಲಿನ ಮುಂದೆ. ‘ಹುಡುಗ ಏನು ಮಾಡುತ್ತಿದ್ದಾನೆ?’ ಎಂದು ಬಂಧುಗಳು ಕೇಳಿದರೆ ‘ಟ್ರೇಡಿಂಗ್ ಮಾಡುತ್ತಾನೆ’ ಎಂಬ ಉತ್ತರ ಬರುತ್ತದೆ. ಕೇಳಿದವರು ಮೆಚ್ಚುಗೆಯಿಂದ ತಲೆದೂಗುತ್ತಾರೆ. ಇದು ಆರು ಕರ್ಮಗಳಲ್ಲಿ ಯಾವುದೆಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಲೇಬೇಕಾದ ಕಾಲ ಈಗ ಬಂದಿದೆ.

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಒಂದು ಕಂಪನಿಯ ಷೇರನ್ನು ಉಳಿತಾಯದ ಹಣದಿಂದ ಕೊಂಡು ಅದರ ಏಳುಬೀಳುಗಳಲ್ಲಿ ವರ್ಷಗಟ್ಟಲೆ ಪಾಲುಗೊಳ್ಳುವುದು ಬೇರೆ ವಿಷಯ. ಆ ಕಂಪನಿ ಮಾಂಸ, ಮದ್ಯಗಳ ವ್ಯವಹಾರದ್ದಲ್ಲದಿದ್ದರೆ ಅದು ವಾಣಿಜ್ಯದ ಪಾಲುದಾರಿಕೆಯೇ. ಅದಕ್ಕೆ ಇಲ್ಲಿ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ಹೆಸರಿನಲ್ಲಿ, ಸರಕೂ ಇಲ್ಲದ ಷೇರೂ ಇಲ್ಲದ ವಾಯಿದೆಯ ಮೇಲೆ ದಿನದಿನ ನಡೆಯುವ ಸಟ್ಟಾಕ್ಕೆ. ನಮ್ಮ ದೇಶದಲ್ಲಿ ಷೇರು ಸೂಚ್ಯಂಕದ ಮೇಲಿನ ಫ್ಯೂಚರ್ಸ್ ೨೦೦೦ದ ಜೂನ್‌ನಲ್ಲಿಯೂ ಆಪ್ಷನ್ಸ್ ೨೦೦೧ರ ಜೂನ್‌ನಲ್ಲಿಯೂ ಆರಂಭವಾದವು. ಬಹುಕಾಲ ಅದು ದಲಾಲರ ಮತ್ತು ದೊಡ್ಡ ಸಂಸ್ಥೆಗಳ ವ್ಯವಹಾರವಾಗಿತ್ತು. ಮೊಬೈಲ್ ದೂರವಾಣಿಯು ಅದನ್ನು ಪ್ರತಿ ಓಣಿಗೂ ತಂದಿದೆ.

ಅದರ ರೀತಿ ಸರಳವಾಗಿದೆ. ಸೂಚ್ಯಂಕವು ಇಂತಿಷ್ಟು ಅಂಕಗಳನ್ನು ದಾಟುತ್ತದೆಂದು ನಂಬಿದವನು ಒಂದು ಮೊತ್ತವನ್ನು ಕೊಟ್ಟು ಹಕ್ಕೊಂದನ್ನು ಕೊಳ್ಳುತ್ತಾನೆ. ವಾರದ ನಿಗದಿತ ದಿನದೊಳಗೆ ಅದು ದಾಟದಿದ್ದರೆ ಕೊಟ್ಟ ಹಣವೆಲ್ಲ ಶೂನ್ಯ. ದಾಟಿದರೆ ಲಾಭ, ಆದರೆ ಆ ಲಾಭವು ಹೊಲದಲ್ಲಿ ಬೆಳೆದದ್ದಲ್ಲ, ಕಾರ್ಖಾನೆಯಲ್ಲಿ ತಯಾರಾದದ್ದಲ್ಲ. ಎದುರು ಕುಳಿತು ಅದೇ ಹಕ್ಕನ್ನು ಮಾರಿದವನ ಜೇಬಿನಿಂದ ಬಂದದ್ದು. ಒಬ್ಬನು ಗೆದ್ದಷ್ಟೇ ಇನ್ನೊಬ್ಬನು ಸೋಲಬೇಕು. ಇದರ ಮೇಲೆ ದಲ್ಲಾಳಿ, ವಿನಿಮಯ ಕೇಂದ್ರದ ಶುಲ್ಕ, ತೆರಿಗೆ ಎಂದು ಪ್ರತಿ ಸುತ್ತಿನಲ್ಲಿಯೂ ಇಬ್ಬರ ಕೈಯಿಂದಲೂ ಕಡಿತ. ಆಡುವವರೆಲ್ಲರ ಹಣವನ್ನು ಒಟ್ಟು ಸೇರಿಸಿ ನೋಡಿದರೆ ಆಟದ ಕೊನೆಯಲ್ಲಿ ಉಳಿಯುವುದು ಆರಂಭದಲ್ಲಿದ್ದುದಕ್ಕಿಂತ ಕಡಿಮೆ.

ಇದು ವೈರಾಗ್ಯದ ಉಪದೇಶವಲ್ಲ, ಲೆಕ್ಕ. ಷೇರುಪೇಟೆಯ ನಿಯಂತ್ರಣಾಧಿಕಾರವುಳ್ಳ ಸೆಬಿಯು ೨೦೨೪ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ೨೦೨೧-೨೨ರಿಂದ ೨೦೨೩-೨೪ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕಿಳಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡಾ ೯೩ ಮಂದಿ ನಷ್ಟ ಅನುಭವಿಸಿದರು. ಸರಾಸರಿ ನಷ್ಟ ತಲೆಗೆ ಸುಮಾರು ಎರಡು ಲಕ್ಷ ರೂಪಾಯಿ. ಒಟ್ಟು ನಷ್ಟ ೧.೮ ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು. ಸೋತವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಸೋತ ಮೇಲೂ ಬಿಡದೆ ಆಟವನ್ನು ಮುಂದುವರಿಸಿದರು. ಅದೇ ವರ್ಷದ ನವೆಂಬರ್‌ನಿಂದ ಸೆಬಿಯು ಒಪ್ಪಂದದ ಕನಿಷ್ಠ ಗಾತ್ರವನ್ನು ಹೆಚ್ಚಿಸಿತು, ವಾರದ ವಾಯಿದೆಗಳನ್ನು ಕಡಿಮೆ ಮಾಡಿತು. ಆದರೂ ೨೦೨೪-೨೫ರಲ್ಲಿ ಶೇಕಡಾ ೯೧ ಮಂದಿ ಸೋತರೆಂದೂ ವ್ಯಕ್ತಿಗಳ ಒಟ್ಟು ನಷ್ಟ ಒಂದು ಲಕ್ಷ ಕೋಟಿ ರೂಪಾಯಿಯನ್ನು ದಾಟಿತೆಂದೂ ೨೦೨೫ರ ಜುಲೈನ ಅಧ್ಯಯನ ತಿಳಿಸಿತು. ಪೂರ್ವಜರು ಇಂತಹ ವ್ಯವಹಾರವನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು? ಸಪ್ತವ್ಯಸನಗಳ ಪಟ್ಟಿಯನ್ನು ತೆಗೆದು ನೋಡಬಹುದು. ಮಾಂಸ, ಮದ್ಯಗಳಿಗಿಂತಲೂ ಮೊದಲು ಅಲ್ಲಿರುವ ಹೆಸರು ದ್ಯೂತ.

ಇಷ್ಟಾದರೂ ಈ ದ್ಯೂತವನ್ನು ಸಮರ್ಥಿಸುವ ಮಾತುಗಳು ಮದುವೆಯ ಮಂಟಪಗಳಲ್ಲಿ, ಬಸದಿಯ ಜಗುಲಿಗಳಲ್ಲಿ ದಿನವೂ ಕೇಳಿಬರುತ್ತವೆ. ಅವುಗಳಲ್ಲಿ ನಾಲ್ಕನ್ನು ಪರೀಕ್ಷಿಸಬೇಕಾಗಿದೆ.

ಮೊದಲನೆಯ ಮಾತು: ‘ಇದೂ ಒಂದು ವ್ಯಾಪಾರವೇ. ವ್ಯಾಪಾರವೆಂದ ಮೇಲೆ ಲಾಭನಷ್ಟ ಇದ್ದದ್ದೇ. ಸರ್ಕಾರವೇ ಅನುಮತಿ ಕೊಟ್ಟಿರುವಾಗ ಜೂಜು ಹೇಗಾಗುತ್ತದೆ?’ ವ್ಯಾಪಾರಿಗೆ ನಷ್ಟವಾಗುವುದು ನಿಜ. ಆದರೆ ಜವಳಿ ವ್ಯಾಪಾರಿ ಸೀರೆ ಮಾರಿದಾಗ ಅವನಿಗೆ ಲಾಭ, ಕೊಂಡವಳಿಗೆ ಸೀರೆ. ಇಬ್ಬರೂ ಸಂತೋಷದಿಂದ ಮನೆಗೆ ಹೋಗುತ್ತಾರೆ. ಎದುರಿನವನು ಅಳದ ಹೊರತು ತನಗೆ ನಗುವಿಲ್ಲವೆಂಬ ವ್ಯವಹಾರಕ್ಕೆ ವಾಣಿಜ್ಯವೆಂಬ ಹೆಸರು ಸಲ್ಲುವುದೆಂತು? ವಾಯಿದೆಗೂ ಒಂದು ಯೋಗ್ಯ ಉಪಯೋಗವಿದೆಯೆಂಬುದನ್ನು ಅಲ್ಲಗಳೆಯಲಾಗದು. ಹತ್ತಿಯನ್ನು ದಾಸ್ತಾನು ಮಾಡಿದ ಗಿರಣಿಯವನು ಬೆಲೆ ಕುಸಿದೀತೆಂಬ ಭಯದಿಂದ, ವಿದೇಶಕ್ಕೆ ಮಾಲು ಕಳಿಸಿದವನು ಡಾಲರಿನ ಬೆಲೆ ಬದಲಾದೀತೆಂಬ ಭಯದಿಂದ ಅದನ್ನು ವಿಮೆಯಂತೆ ಬಳಸಿದರೆ ಅದು ವಿವೇಕವೇ. ಅವನಲ್ಲಿ ಸರಕಿದೆ, ಸರಕಿಗೆ ಅಪಾಯವಿದೆ. ಗೋದಾಮಿನ ಮೂಲೆಯಲ್ಲಿ ಕುಳಿತ ಹುಡುಗನಲ್ಲಿ ಏನಿದೆ? ಮನೆಯಿಲ್ಲದವನು ಬೇರೆಯವರ ಮನೆಗೆ ಬೆಂಕಿ ಬೀಳುವುದೋ ಇಲ್ಲವೋ ಎಂದು ಪಣವೊಡ್ಡಿದಂತೆ ಇದು.

ಕಾನೂನಿನ ವಿಷಯವೂ ಹಾಗೆಯೇ. ಪಂದ್ಯ ಕಟ್ಟುವ ಒಪ್ಪಂದಗಳು ಅಸಿಂಧುವೆಂದು ೧೮೭೨ರ ಭಾರತೀಯ ಒಪ್ಪಂದ ಕಾಯಿದೆಯ ೩೦ನೆಯ ಕಲಮು ಹೇಳಿತು. ಇಂತಹ ವಾಯಿದೆಗಳು ಮಾನ್ಯವಾದ ವಿನಿಮಯ ಕೇಂದ್ರದಲ್ಲಿ ನಡೆದರೆ ಸಿಂಧುವೆಂದು ಹೇಳಲು ಪ್ರತ್ಯೇಕ ಕಲಮನ್ನೇ ಸೇರಿಸಬೇಕಾಯಿತು. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಇಸ್ಪೀಟು ನಿಷಿದ್ಧವಾಯಿತು, ಸೂಚ್ಯಂಕ ಉಳಿಯಿತು. ಉಳಿದದ್ದಕ್ಕೆ ರಾಜ್ಯಕ್ಕೆ ತನ್ನದೇ ಕಾರಣಗಳಿರಬಹುದು. ಆದರೆ ರಾಜಾಜ್ಞೆ ಎಂದಿನಿಂದ ಶ್ರಾವಕನ ಶೀಲಕ್ಕೆ ಅಳತೆಗೋಲಾಯಿತು? ಮದ್ಯದಂಗಡಿಗೂ ಸರ್ಕಾರವೇ ಪರವಾನಗಿ ಕೊಡುತ್ತದೆ. ಪರವಾನಗಿಯಿದೆಯೆಂದು ಯಾವ ಜೈನನ ಮನೆಯಲ್ಲಿಯೂ ಬಾಟಲಿ ತೆರೆಯುವುದಿಲ್ಲ.

ಎರಡನೆಯ ಮಾತು: ‘ಮೈಮುರಿದು ದುಡಿಯುವ ಕಾಲ ಹೋಯಿತು. ಈಗ ಹಣವೇ ದುಡಿಯಬೇಕು.’ ಇದನ್ನು ಹೇಳುವವರೆಲ್ಲ ಸೋಮಾರಿಗಳಲ್ಲ. ಅವರ ಸಂಕಟವನ್ನು ಅರಿಯದೆ ಖಂಡಿಸಿದರೆ ಅನ್ಯಾಯವಾದೀತು. ಊರಿನ ಅಂಗಡಿಗೆ ಗಿರಾಕಿ ಕಡಿಮೆಯಾಗಿದ್ದಾನೆ. ಅವನು ಮನೆಯಲ್ಲೇ ಕುಳಿತು ದೂರದ ಗೋದಾಮಿನಿಂದ ಸಾಮಾನು ತರಿಸುತ್ತಾನೆ. ಪದವಿ ಮುಗಿಸಿದ ಮಗನಿಗೆ ಸಿಗುವ ಮೊದಲ ಸಂಬಳ ನಗರದ ಬಾಡಿಗೆಗೇ ಸಾಲದು. ಇದಕ್ಕೆ ಹಿರಿಯರದೂ ಪಾಲಿದೆ. ಹೆಣ್ಣು ಕೊಡುವ ಮನೆಯವರು ವರನ ಸ್ವಭಾವ, ವ್ರತನಿಯಮಗಳನ್ನು ಕೇಳುವ ಮೊದಲು ‘ಪ್ಯಾಕೇಜ್ ಎಷ್ಟು?’ ಎಂದು ಕೇಳುತ್ತಾರೆ. ಚಿಕ್ಕ ಅಂಗಡಿಯನ್ನು ಪ್ರಾಮಾಣಿಕವಾಗಿ ನಡೆಸುವ ಯುವಕನಿಗೆ ಹೆಣ್ಣು ಸಿಗುವುದಿಲ್ಲ. ಹೀಗೆ ಎಲ್ಲ ಬಾಗಿಲುಗಳನ್ನೂ ಮುಚ್ಚಿ, ಅವನು ಕಿಟಕಿಯಿಂದ ಹಾರಿದನೆಂದು ಗೋಳಾಡುವುದು ಯಾವ ನ್ಯಾಯ? ಸೆಬಿಯ ಅಧ್ಯಯನದ ಪ್ರಕಾರ ೨೦೨೩-೨೪ರಲ್ಲಿ ಈ ವ್ಯವಹಾರದಲ್ಲಿದ್ದ ವ್ಯಕ್ತಿಗಳಲ್ಲಿ ಶೇಕಡಾ ೪೩ ಮಂದಿ ಮೂವತ್ತು ವರ್ಷದೊಳಗಿನವರು. ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿಯ ಘೋಷಿತ ವಾರ್ಷಿಕ ಆದಾಯ ಐದು ಲಕ್ಷ ರೂಪಾಯಿಗಿಂತ ಕಡಿಮೆ. ಐಶ್ವರ್ಯವಂತರ ವಿನೋದವಲ್ಲ ಇದು, ಇಲ್ಲದವರ ಹತಾಶೆ.

ಸಂಕಟ ನಿಜವಾದರೂ ಉಪಾಯ ಸುಳ್ಳು. ಹಣವು ತಾನಾಗಿ ದುಡಿಯುವುದಿಲ್ಲ. ಎಲ್ಲೋ ಯಾರೋ ದುಡಿದಾಗ ಮಾತ್ರ ಹಣ ಬೆಳೆಯುತ್ತದೆ. ಆಪ್ಷನ್ಸಿನಲ್ಲಿ ಹಾಗೆ ದುಡಿಯುವವನು ಯಾರೂ ಇಲ್ಲ. ಇರುವುದು ಎದುರಾಳಿ ಮಾತ್ರ. ಆ ಎದುರಾಳಿ ಯಾರೆಂಬುದನ್ನೂ ಅದೇ ಅಧ್ಯಯನ ಹೇಳಿದೆ. ೨೦೨೩-೨೪ರಲ್ಲಿ ಸ್ವಂತ ಖಾತೆಯಲ್ಲಿ ವ್ಯವಹರಿಸುವ ದಲ್ಲಾಳಿ ಸಂಸ್ಥೆಗಳು ಖರ್ಚು ಕಳೆಯುವ ಮೊದಲು ಸುಮಾರು ೩೩,೦೦೦ ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳು ಸುಮಾರು ೨೮,೦೦೦ ಕೋಟಿ ರೂಪಾಯಿ ಲಾಭ ಗಳಿಸಿದವು. ಆ ಲಾಭದಲ್ಲಿ ನೂರಕ್ಕೆ ತೊಂಬತ್ತಾರರಷ್ಟು ಅಥವಾ ಅದಕ್ಕಿಂತ ಹೆಚ್ಚು ಭಾಗ ಕ್ಷಣಾರ್ಧದಲ್ಲಿ ತಾವಾಗಿ ಕೊಂಡು ಮಾರುವ ಗಣಕಯಂತ್ರಗಳ ಸಾಧನೆ. ಗೋದಾಮಿನ ಮೂಲೆಯ ಹುಡುಗ ತನ್ನ ಜಾಣತನವನ್ನು ನಂಬಿ ಕುಳಿತಿರುವುದು ಇಂತಹ ಯಂತ್ರದ ಎದುರಿಗೆ. ಶಕುನಿಯ ದಾಳವಾದರೂ ಕಣ್ಣಿಗೆ ಕಾಣುತ್ತಿತ್ತು.

ಮೂರನೆಯ ಮಾತು ಜೈನರ ಮನೆಗಳಲ್ಲಿಯೇ ಹುಟ್ಟಿದ್ದು. ಆದುದರಿಂದ ಅದರ ವಿಚಾರಣೆ ಕಟ್ಟುನಿಟ್ಟಾಗಿಯೇ ನಡೆಯಬೇಕು. ‘ಹೊಲ ಉತ್ತರೆ ಮಣ್ಣಿನ ಜೀವಿಗಳು ಸಾಯುತ್ತವೆ. ಕಾರ್ಖಾನೆ ನಡೆಸಿದರೆ ಬೆಂಕಿ, ನೀರುಗಳ ಹಿಂಸೆ. ಧಾನ್ಯದ ವ್ಯಾಪಾರದಲ್ಲಿ ಹುಳುಗಳ ಹಿಂಸೆ. ಮೊಬೈಲಿನಲ್ಲಿ ಬೆರಳಾಡಿಸಿದರೆ ಯಾವ ಜೀವ ಸಾಯುತ್ತದೆ? ಇದಕ್ಕಿಂತ ನಿರ್ದೋಷವಾದ ಉದ್ಯೋಗ ಶ್ರಾವಕನಿಗೆ ಬೇರೊಂದಿಲ್ಲ.’ ಕೇಳಲು ಎಷ್ಟು ಇಂಪು! ಬೆಳಗಾವಿಯ ಬಯಲಿನಲ್ಲಿ ತಲೆಮಾರುಗಳಿಂದ ನೇಗಿಲು ಹಿಡಿದು, ರಾತ್ರಿಭೋಜನವನ್ನು ತ್ಯಜಿಸಿ, ಚತುರ್ದಶಿಯ ಉಪವಾಸ ಮಾಡಿ ಬಾಳಿದ ಜೈನ ರೈತನು ಹಾಗಾದರೆ ಹಿಂಸಕ, ಸಟ್ಟಾ ಆಡುವವನು ಅಹಿಂಸಕ! ಋಷಭದೇವನೇ ಬೋಧಿಸಿದ ಕೃಷಿಯನ್ನು ಕೀಳುಮಾಡಿ ದ್ಯೂತವನ್ನು ಮೇಲೇರಿಸುವ ಈ ತರ್ಕಕ್ಕೆ ಏನೆನ್ನಬೇಕು?

ಹಿಂಸೆಯು ದ್ರವ್ಯಹಿಂಸೆಯೊಂದೇ ಅಲ್ಲ, ಭಾವಹಿಂಸೆಯೂ ಉಂಟೆಂದು ಜೈನಶಾಸ್ತ್ರ ತಿಳಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ಪ್ರಮಾದ ಮತ್ತು ಕಷಾಯಗಳೇ ಹಿಂಸೆಯ ಬೇರು. ಅನರ್ಥದಂಡದ ಐದು ಭೇದಗಳಲ್ಲಿ ಅಪಧ್ಯಾನವೂ ಒಂದು. ಇನ್ನೊಬ್ಬನು ಸೋಲಲಿ, ಹಾಳಾಗಲಿ ಎಂದು ಮನಸ್ಸಿನಲ್ಲಿ ಬಯಸುವುದೇ ಅದರ ಸ್ವರೂಪ. ಪೇಟೆ ಬೀಳುತ್ತದೆಂದು ಪಣವಿಟ್ಟವನು ದಿನವಿಡೀ ಬೇರೇನನ್ನು ಬಯಸುತ್ತಾನೆ? ಗಡಿಯಲ್ಲಿ ಗುಂಡಿನ ಸದ್ದಾದರೆ, ರೋಗವೊಂದು ಹರಡಿದರೆ ಅವನ ಮನಸ್ಸು ಮೊದಲು ನೆನೆಯುವುದು ಸಾಯುವವರನ್ನಲ್ಲ, ಸೂಚ್ಯಂಕವನ್ನು. ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಪರಿಗ್ರಹಾನಂದವೆಂಬುದು ಏನೆಂದು ತಿಳಿಯಬಯಸುವವರು ವಾಯಿದೆ ಮುಗಿಯುವ ದಿನದ ಮಧ್ಯಾಹ್ನ ಆ ಹುಡುಗನ ಮುಖವನ್ನು ನೋಡಿದರೆ ಸಾಕು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಇವುಗಳಲ್ಲಿ ಅತಿವಿಸ್ಮಯವೆಂದರೇನು? ಒಪ್ಪಿದ ಲಾಭಕ್ಕೆ ಸರಕನ್ನು ಮಾರಿದ ಮೇಲೆ, ಅದೇ ಸರಕಿನಿಂದ ಇನ್ನೂ ಹೆಚ್ಚು ಬರುತ್ತಿತ್ತಲ್ಲಾ ಎಂದು ಕಂಡು ಪಡುವ ವಿಷಾದವೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ತಕ್ಕ ಬೆಲೆ ದೊರೆತ ಮೇಲೂ ಇನ್ನಷ್ಟನ್ನು ಬಯಸುವುದು ಅತಿಲೋಭ. ಮಾರಿದ ಮೇಲೂ ತೆರೆಯನ್ನು ಮುಚ್ಚದೆ, ಬೆಲೆ ಮತ್ತೆ ಏರಿತೇ ಎಂದು ನೋಡಿ ನೋಡಿ ಕೊರಗುವ, ಗೆಳೆಯನು ಗೆದ್ದ ಮೊತ್ತದ ಚಿತ್ರ ಕಂಡು ನಿದ್ದೆಗೆಡುವ ಇಂದಿನ ಯುವಕನ ಮನೋವ್ಯಾಧಿಯನ್ನು ಆ ಆಚಾರ್ಯರು ಶತಮಾನಗಳ ಹಿಂದೆಯೇ ಹೆಸರಿಟ್ಟು ಗುರುತಿಸಿದ್ದರು. ವ್ಯಾಧಿ ಹಳೆಯದು, ಗಾಜು ಮಾತ್ರ ಹೊಸದು.

ಇನ್ನು ದ್ರವ್ಯಹಿಂಸೆಯಾದರೂ ಇಲ್ಲವೇ? ಸೋತವನು ಮೊದಲು ಉಳಿತಾಯವನ್ನು ಕಳೆಯುತ್ತಾನೆ. ಅನಂತರ ಮೊಬೈಲಿನಲ್ಲೇ ಸಿಗುವ ಸಾಲವನ್ನು ಪಡೆಯುತ್ತಾನೆ. ಅನಂತರ ತಾಯಿಯ ಬಳೆಗಳು ಅಡವಿಗೆ ಹೋಗುತ್ತವೆ. ತಂಗಿಯ ಮದುವೆಗೆಂದು ಇಟ್ಟ ಹಣಕ್ಕೆ ಕೈಬೀಳುತ್ತದೆ. ಒಂದು ಸುಳ್ಳನ್ನು ಮುಚ್ಚಲು ಹತ್ತು ಸುಳ್ಳು. ಹೀಗೆ ಸತ್ಯ ಹೋಯಿತು, ಅಚೌರ್ಯ ಹೋಯಿತು. ಕೊನೆಗೆ ಮನೆಯವರಿಗೆ ಮುಖ ತೋರಿಸಲಾಗದೆ ಪ್ರಾಣವನ್ನೇ ಕಳೆದುಕೊಳ್ಳಲು ಹೊರಟವರ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಿವೆ. ಹುಳುವನ್ನು ನವಿಲುಗರಿಯಿಂದ ಸರಿಸಿ ನಡೆಯುವ ಮುನಿಗಳ ಅನುಯಾಯಿಗಳ ಮನೆಯಲ್ಲಿ ಪಂಚೇಂದ್ರಿಯ ಮನುಷ್ಯನೊಬ್ಬ ಇಂತಹ ಸಂಕಟದಲ್ಲಿರುವಾಗ ‘ಇದರಲ್ಲಿ ಹಿಂಸೆಯಿಲ್ಲ’ ಎನ್ನಲು ನಾಲಿಗೆ ಹೇಗೆ ಬರುತ್ತದೆ?

ನಾಲ್ಕನೆಯ ಮಾತು: ‘ತಂತ್ರಜ್ಞಾನಕ್ಕೆ ಪಾಪಪುಣ್ಯಗಳಿಲ್ಲ. ಮೊಬೈಲು ಒಂದು ಉಪಕರಣ, ಬಳಸುವವನಂತೆ ಅದರ ಫಲ.’ ಅರ್ಧ ಸತ್ಯ. ಹೊಸ ಉಪಕರಣಗಳಿಗೆ ಸಮಾಜ ಹೆದರಬೇಕಾಗಿಲ್ಲ. ಶಾಸ್ತ್ರಗ್ರಂಥಗಳನ್ನು ಅಚ್ಚುಹಾಕಿಸುವುದೇ ಅವಿನಯವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ವಾದಿಸಿದವರು ಜೈನರಲ್ಲಿಯೂ ಇದ್ದರು. ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ಷಟ್ಖಂಡಾಗಮದ ಧವಲಾ ಟೀಕೆಯ ಮೊದಲ ಸಂಪುಟ ೧೯೩೯ರಲ್ಲಿ ಅಚ್ಚಾಗಿ ಹೊರಬಂದಾಗ ಉಪಕಾರವಾದದ್ದು ಯಾರಿಗೆಂಬುದು ಎಲ್ಲರಿಗೂ ತಿಳಿದಿದೆ. ೨೦೧೬ರಲ್ಲಿ ಬಂದ ಯುಪಿಐ ವ್ಯವಸ್ಥೆಯಿಂದ ದೂರದೂರಿನ ಶ್ರಾವಕನು ತನ್ನೂರ ಬಸದಿಯ ನಿತ್ಯಪೂಜೆಗೆ ಕುಳಿತಲ್ಲಿಂದಲೇ ಕಾಣಿಕೆ ಕಳಿಸುತ್ತಾನೆ. ಇದು ಸ್ವಾಗತಾರ್ಹ.

ಆದರೆ ಉಪಕರಣವು ಹೇಗೆ ನಿರ್ಮಿತವಾಗಿದೆಯೆಂಬುದನ್ನೂ ನೋಡಬೇಕು. ಹಿಂದೆ ಸಟ್ಟಾ ಆಡಬೇಕಾದರೆ ದಲ್ಲಾಳಿಯ ಬಳಿಗೆ ಹೋಗಬೇಕಿತ್ತು, ಚೆಕ್ಕು ಬರೆಯಬೇಕಿತ್ತು, ಪರಿಚಯದವರ ಕಣ್ಣಿಗೆ ಬೀಳಬೇಕಿತ್ತು. ಪ್ರತಿ ಹೆಜ್ಜೆಯಲ್ಲಿಯೂ ಮನಸ್ಸು ಹಿಂದಿರುಗಲು ಒಂದು ಅವಕಾಶವಿತ್ತು. ಈಗ ಆಸೆಗೂ ಕ್ರಿಯೆಗೂ ನಡುವೆ ಉಳಿದಿರುವುದು ಬೆರಳಿನ ಒಂದು ಸ್ಪರ್ಶ. ಮರೆತು ಕುಳಿತವನನ್ನು ಗಂಟೆ ಬಾರಿಸಿ ಎಚ್ಚರಿಸುತ್ತದೆ. ಸೋತವನಿಗೆ ಸಾಲದ ಬಾಗಿಲನ್ನು ಅಲ್ಲಿಯೇ ತೋರಿಸುತ್ತದೆ. ಈ ವ್ಯವಸ್ಥೆಯ ಆದಾಯ ಗಿರಾಕಿಯ ಗೆಲುವಿನಿಂದ ಬರುವುದಲ್ಲ, ಅವನ ಪ್ರತಿಯೊಂದು ಚಲನೆಯಿಂದ ಬರುವುದು. ಆ ಮೂರು ವರ್ಷಗಳಲ್ಲಿ ವ್ಯಕ್ತಿಗಳು ವ್ಯವಹಾರದ ಶುಲ್ಕ, ತೆರಿಗೆಗಳಿಗಾಗಿಯೇ ತೆತ್ತದ್ದು ಸುಮಾರು ೫೦,೦೦೦ ಕೋಟಿ ರೂಪಾಯಿ. ಅದರಲ್ಲಿ ಅರ್ಧಕ್ಕೂ ಹೆಚ್ಚು ದಲ್ಲಾಳಿ. ನಡೆಯುವಾಗ, ನುಡಿಯುವಾಗ, ವಸ್ತುವನ್ನು ಎತ್ತಿಡುವಾಗ ಒಂದು ಕ್ಷಣ ನಿಂತು ನೋಡೆಂದು ಸಮಿತಿಗಳು ಬೋಧಿಸುತ್ತವೆ. ಆ ಒಂದು ಕ್ಷಣವನ್ನೇ ಕಿತ್ತುಹಾಕಲು ರಚಿಸಿದ ಯಂತ್ರಕ್ಕೆ ಪಾಪಪುಣ್ಯವಿಲ್ಲವೆಂದರೆ ಅದನ್ನು ರಚಿಸಿದವರಿಗೂ ನಗು ಬಂದೀತು.

ಈ ನಾಲ್ಕು ಮಾತುಗಳಿಗೂ ಆಶ್ರಯ ಕೊಡುತ್ತಿರುವುದು, ಹೇಳಲು ಸಂಕೋಚವಾದರೂ, ಧರ್ಮಸಂಸ್ಥೆಗಳೇ. ಪರ್ವದ ದಿನ ಅಭಿಷೇಕಕ್ಕೆ ಸವಾಲು ಕೂಗುವಾಗ ಎತ್ತಿದ ಕೈಯನ್ನು ನೋಡುತ್ತಾರೆಯೇ ಹೊರತು ಆ ಕೈಗೆ ಹಣ ಬಂದ ದಾರಿಯನ್ನು ನೋಡುವುದಿಲ್ಲ. ಮೂವತ್ತು ವರ್ಷ ತಕ್ಕಡಿಯನ್ನು ನೇರವಾಗಿ ಹಿಡಿದು ಐನೂರು ರೂಪಾಯಿ ಕೊಟ್ಟ ಮುದುಕ ಕಂಬದ ಮರೆಯಲ್ಲಿ ಕುಳಿತಿರುತ್ತಾನೆ. ಒಂದೇ ವಾಯಿದೆಯಲ್ಲಿ ಗೆದ್ದು ಲಕ್ಷ ಕೂಗಿದವನಿಗೆ ಶಾಲು, ಹಾರ, ವೇದಿಕೆ. ಕೆಳಗೆ ಕುಳಿತ ಹದಿನೆಂಟು ವರ್ಷದ ಹುಡುಗ ಎರಡನ್ನೂ ನೋಡುತ್ತಾನೆ. ಯಾವ ಪ್ರವಚನಕ್ಕಿಂತಲೂ ಈ ದೃಶ್ಯದ ಉಪದೇಶ ಅವನಿಗೆ ಬೇಗ ಮುಟ್ಟುತ್ತದೆ.

‘ಹಣಕ್ಕೆ ವಾಸನೆಯೆಲ್ಲಿದೆ? ಪುಣ್ಯಕಾರ್ಯಕ್ಕೆ ಬಂದರೆ ಎಲ್ಲ ಶುದ್ಧವಾಗುತ್ತದೆ’ ಎಂದು ಆಡಳಿತ ಮಂಡಳಿಯವರು ಹೇಳಬಹುದು. ಹಾಗಿದ್ದರೆ ನ್ಯಾಯಾರ್ಜಿತ ಧನವನ್ನು ಆಚಾರ್ಯರು ಮೊದಲ ಸ್ಥಾನದಲ್ಲಿ ಇಡಬೇಕಾದ ಅಗತ್ಯವೇನಿತ್ತು? ದಾನದಿಂದ ದ್ಯೂತ ಶುದ್ಧವಾಗುವುದಾದರೆ ಸಪ್ತವ್ಯಸನಗಳ ಪಟ್ಟಿಯೇ ವ್ಯರ್ಥ. ಕರ್ನಾಟಕದ ಜೈನ ಪರಂಪರೆಯಲ್ಲಿ ದಾನಕ್ಕೆ ಬಡತನವಿರಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆ ದಾನಚಿಂತಾಮಣಿಯೆನಿಸಿದಳು. ೧೪೩೦ರಲ್ಲಿ ಎದ್ದುನಿಂತ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ವರ್ತಕ ಸೆಟ್ಟಿಗಳ ಸಂಪಾದನೆಯೂ ಕಲ್ಲಾಗಿ ನಿಂತಿದೆ. ಆ ಸಂಪಾದನೆ ಸರಕಿನ ಮೂಟೆಗಳ ವ್ಯಾಪಾರದಿಂದ ಬಂದದ್ದು. ಕಂಬದ ಕೆಳಗೆ ಕೂತವನಿಗೆ ಅದನ್ನು ಕೊಟ್ಟವನ ಬಗೆಗೆ ಸಂದೇಹ ಹುಟ್ಟುವುದಿಲ್ಲ.

ಸಂಸ್ಥೆಯ ಸ್ವಂತ ನಿಧಿಯ ವಿಷಯದಲ್ಲಂತೂ ಸಂದೇಹಕ್ಕೆ ಎಡೆಯೇ ಇರಬಾರದು. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಧರ್ಮಾರ್ಥ ಸಂಸ್ಥೆಯ ಹಣವನ್ನು ಕಾನೂನು ನಿಗದಿಪಡಿಸಿದ ರೂಪಗಳಲ್ಲಿಯೇ ತೊಡಗಿಸಬೇಕು. ‘ಬ್ಯಾಂಕಿಗಿಂತ ಹೆಚ್ಚು ತಂದುಕೊಡುತ್ತೇನೆ’ ಎಂದು ಮುಂದೆ ಬರುವ ಉತ್ಸಾಹಿ ಸದಸ್ಯನ ಕೈಗೆ ಜೀರ್ಣೋದ್ಧಾರದ ನಿಧಿಯನ್ನು ಒಪ್ಪಿಸುವುದು ಕಾನೂನಿಗೂ ದೂರ, ಧರ್ಮಕ್ಕೂ ದೂರ. ದೇವದ್ರವ್ಯದ ಒಂದು ರೂಪಾಯಿಯೂ ಪಣಕ್ಕೆ ಹೋಗಕೂಡದು.

ಹಾಗಾದರೆ ಮಾಡಬೇಕಾದುದೇನು? ಖಂಡನೆಯಿಂದಷ್ಟೇ ಯಾರ ಮನೆಯೂ ಉಳಿಯುವುದಿಲ್ಲ. ದೀಪಾವಳಿಯಂದು, ಮಹಾವೀರ ಸ್ವಾಮಿಯ ನಿರ್ವಾಣೋತ್ಸವದ ದಿನ, ವ್ಯಾಪಾರಿಗಳ ಮನೆಗಳಲ್ಲಿ ಲೆಕ್ಕದ ಪುಸ್ತಕಗಳಿಗೆ ಪೂಜೆಯಾಗುತ್ತದೆ. ಕುಂಕುಮ ಹಚ್ಚಿ ಮುಚ್ಚಿಡುವ ಬದಲು ಆ ದಿನ ಪುಸ್ತಕವನ್ನು ತೆರೆಯಲಿ. ಮನೆಯ ಎಲ್ಲರ ಎದುರಿಗೆ, ಎಲ್ಲರ ಮೊಬೈಲಿನ ಲೆಕ್ಕವೂ ಸೇರಿ, ಬಂದದ್ದೆಷ್ಟು, ಹೋದದ್ದೆಷ್ಟು, ಸಾಲವೆಷ್ಟು ಎಂಬುದನ್ನು ಓದಲಿ. ಮುಂದಿನ ವರ್ಷಕ್ಕೆ ಇಷ್ಟು ಸಾಕೆಂಬ ಪರಿಮಾಣವನ್ನು ಬರೆದಿಡಲಿ. ಬರೆಯದ ವ್ರತ ಮರೆತುಹೋಗುತ್ತದೆ. ಷೇರು ಖಾತೆಯಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕಾಗುತ್ತದೆ. ಆ ಒಪ್ಪಿಗೆಯನ್ನು ಕೊಡದಿರುವುದು, ಕೊಟ್ಟಿದ್ದರೆ ಹಿಂತೆಗೆದುಕೊಳ್ಳುವುದು ಈ ಕಾಲದ ಒಂದು ಅಣುವ್ರತವಾಗಲಿ.

ಸೋತು ಬಂದವನನ್ನು ಮನೆಯು ಮೊದಲು ಊಟಕ್ಕೆ ಕೂರಿಸಲಿ, ಲೆಕ್ಕವನ್ನು ಆಮೇಲೆ ಕೇಳಲಿ. ಅಭಯದಾನವು ಚತುರ್ವಿಧ ದಾನಗಳಲ್ಲಿ ಒಂದು. ಅದು ಪ್ರಾಣಿಗಳಿಗೆ ಮಾತ್ರ ಸಲ್ಲುವುದಲ್ಲ. ತಪ್ಪೊಪ್ಪಿಕೊಂಡವನಿಗೆ ಜಾಗವಿರುವ ಮನೆಯಲ್ಲಿ ಮಾತ್ರ ಪ್ರತಿಕ್ರಮಣಕ್ಕೆ ಅರ್ಥವಿರುತ್ತದೆ. ಸಂಸ್ಥೆಗಳು ಸವಾಲಿನ ಕೂಗನ್ನು ಕಡಿಮೆಮಾಡಿ, ಕಾಣಿಕೆಯ ಮೊತ್ತವನ್ನು ಸಾರದೆ ಸ್ವೀಕರಿಸಲಿ. ಸಂಗ್ರಹವಾದ ನಿಧಿಯ ಒಂದು ಪಾಲಿನಿಂದ ಯುವಕರಿಗೆ ಕಸುಬು ಕಲಿಯಲು, ಅಂಗಡಿಯನ್ನು ಹೊಸ ಕಾಲಕ್ಕೆ ಒಗ್ಗಿಸಿಕೊಳ್ಳಲು ಬಡ್ಡಿಯಿಲ್ಲದ ನೆರವನ್ನು ನೀಡಲಿ. ಹೆಣ್ಣು ಕೊಡುವ ತಂದೆತಾಯಿಗಳು ‘ಎಷ್ಟು?’ ಎಂಬ ಪ್ರಶ್ನೆಗೆ ಮೊದಲು ‘ಹೇಗೆ?’ ಎಂಬ ಪ್ರಶ್ನೆಯನ್ನು ಕೇಳಲಿ.

೨೦೧೧ರ ಜನಗಣತಿಯಂತೆ ದೇಶದ ಪ್ರಮುಖ ಧಾರ್ಮಿಕ ಸಮುದಾಯಗಳಲ್ಲಿ ಸಾಕ್ಷರತೆ ಅತಿ ಹೆಚ್ಚಾಗಿರುವುದು ಜೈನರಲ್ಲಿ. ಲೆಕ್ಕ ಬಲ್ಲ ಜನವೆಂಬ ಖ್ಯಾತಿ ಅದಕ್ಕಿಂತ ಹಳೆಯದು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಸೋಲುವ ಆಟದಲ್ಲಿ ತಮ್ಮ ಮಕ್ಕಳು ಕುಳಿತಿರುವುದನ್ನು ಕಂಡೂ ಕಾಣದಂತಿರುವುದು ಆ ಖ್ಯಾತಿಗೆ ಒಪ್ಪುವುದಿಲ್ಲ. ಮುಂದಿನ ಬಾರಿ ಮದುವೆಯ ಪಂಕ್ತಿಯಲ್ಲಿ ಯಾರಾದರೂ ‘ಮಗ ಟ್ರೇಡಿಂಗ್ ಮಾಡುತ್ತಾನೆ’ ಎಂದಾಗ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಸೌಮ್ಯವಾಗಿಯೇ ಕೇಳಲಿ: ಅಸಿಯೋ, ಮಸಿಯೋ, ಕೃಷಿಯೋ, ವಿದ್ಯೆಯೋ, ವಾಣಿಜ್ಯವೋ, ಶಿಲ್ಪವೋ? ಉತ್ತರ ಬಾರದಿದ್ದರೆ ಆ ಮೌನದಲ್ಲಿಯೇ ಉತ್ತರವಿರುತ್ತದೆ.